ನಾಯಕತ್ವವು ರೋಗಿಯ ಹಾಸಿಗೆಯ ಬಳಿಯಿದೆ

(ನರ್ಸಿಂಗ್ ಕಾಲೇಜೊಂದರ ಪ್ರತಿಜ್ಞಾ ಸ್ವೀಕಾರ ಸಮಾರಂಭದಲ್ಲಿ ನಿವೃತ್ತ ಶುಶ್ರೂಷಾ ಅಧೀಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)

 

ನಾಯಕತ್ವದ ಕುರಿತು ಮಾತನಾಡಬೇಕೆಂದು ನನಗೆ ಹೇಳಲಾಗಿದೆ. ನಾಯಕತ್ವ ಎಂದೊಡನೆ ನಮ್ಮ ಕಣ್ಣ ಮುಂದೆ ವೇದಿಕೆ, ಮೈಕು, ಹಾರ ತುರಾಯಿಗಳು ಬಂದು ನಿಲ್ಲುತ್ತವೆ. ವೈದ್ಯರು ಬರೆದುದನ್ನು ಪಾಲಿಸುವ ನರ್ಸಿಗೂ ಆ ಪದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ಭಾವಿಸಿದ್ದೆ. ಆ ಭಾವನೆಯು ಒಂದು ರಾತ್ರಿ ಹೇಗೆ ಅಳಿಸಿ ಹೋಯಿತೆಂಬುದನ್ನು ಮೊದಲು ಹೇಳುತ್ತೇನೆ.

ಆಗ ನನಗೆ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಮಕ್ಕಳ ವಾರ್ಡಿನಲ್ಲಿ ರಾತ್ರಿ ಪಾಳಿ. ಹೃದಯದ ತೊಂದರೆಯಿದ್ದ ಪುಟ್ಟ ಮಗುವೊಂದರ ಕೇಸ್ ಶೀಟಿನಲ್ಲಿ ಬರೆದಿದ್ದ ಔಷಧದ ಪ್ರಮಾಣ ನನಗೆ ಹೆಚ್ಚೆನಿಸಿತು. ದಶಾಂಶ ಬಿಂದುವಿನ ನಂತರ ಇರಬೇಕಾದ ಒಂದು ಸೊನ್ನೆ ಅಲ್ಲಿರಲಿಲ್ಲ. ಸೊನ್ನೆಯೊಂದು ಬಿಟ್ಟುಹೋದರೆ ಔಷಧ ಹತ್ತು ಪಟ್ಟಾಗುತ್ತದೆ. ಆದರೆ ಅದನ್ನು ಬರೆದವರು ದೊಡ್ಡ ವೈದ್ಯರು, ಮುಂಗೋಪಿ. ರಾತ್ರಿ ಫೋನ್ ಮಾಡಿದರೆ ಎಲ್ಲರೆದುರು ಅವಮಾನಿಸುತ್ತಾರೆಂಬ ಭಯ. ನಾನು ಸಿರಿಂಜ್ ಸಿದ್ಧಪಡಿಸಿಟ್ಟು ಅರ್ಧ ಗಂಟೆ ಸುಮ್ಮನೆ ನಿಂತಿದ್ದೆ. ಪಕ್ಕದ ವಾರ್ಡಿನ ಹಿರಿಯ ಸಿಸ್ಟರ್ ಅಕಸ್ಮಾತ್ ಒಳಗೆ ಬಂದರು, ನನ್ನ ಮುಖ ನೋಡಿದರು, ಹಾಳೆಯನ್ನು ನೋಡಿದರು, ಮರುಕ್ಷಣವೇ ಫೋನ್ ಎತ್ತಿದರು. ವೈದ್ಯರು ಗದರಿದರು, ಅನಂತರ ತಪ್ಪನ್ನು ತಿದ್ದಿದರು. ಮಗು ಗುಣಮುಖವಾಗಿ ಮನೆಗೆ ಹೋಯಿತು.

ಬೆಳಿಗ್ಗೆ ಆ ಸಿಸ್ಟರ್ ನನ್ನನ್ನು ಬೈಯಲಿಲ್ಲ. "ಸಂಶಯ ಬಂದಾಗ ಬಾಯಿ ಮುಚ್ಚಿಕೊಳ್ಳುವುದನ್ನು ವಿನಯವೆಂದು ತಿಳಿಯಬೇಡ ಮಗಳೇ. ಆ ಮಗುವಿಗೆ ಮಾತು ಬರುವುದಿಲ್ಲ. ಅದರ ಪರವಾಗಿ ಮಾತನಾಡಲೆಂದೇ ನಿನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ" ಎಂದಷ್ಟೇ ಹೇಳಿದರು. ಅವರಿಗೆ ಯಾವ ದೊಡ್ಡ ಹುದ್ದೆಯೂ ಇರಲಿಲ್ಲ. ಆದರೂ ಆ ರಾತ್ರಿ ಆ ಆಸ್ಪತ್ರೆಯ ನಾಯಕಿ ಅವರೇ ಆಗಿದ್ದರು.

ಇದು ಕೇವಲ ಭಾವನೆಯ ಮಾತೆಂದು ತಿಳಿಯಬೇಡಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯ ಪೀಟರ್ ಪ್ರೊನೊವೋಸ್ಟ್ ಅವರು 2001ರಲ್ಲಿ ಐಸಿಯುಗಾಗಿ ಒಂದು ಚಿಕ್ಕ ಪಟ್ಟಿಯನ್ನು ತಯಾರಿಸಿದರು. ರೋಗಿಯ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವ ಮುನ್ನ ಕೈ ತೊಳೆಯುವುದು, ಚರ್ಮವನ್ನು ಶುದ್ಧಗೊಳಿಸುವುದು, ಶುದ್ಧ ಹೊದಿಕೆ ಹೊದಿಸುವುದು ಮುಂತಾದ ಸಾಮಾನ್ಯ ಸಂಗತಿಗಳೇ ಅದರಲ್ಲಿದ್ದವು. ವೈದ್ಯರಿಗೆ ಅವು ಗೊತ್ತಿರಲಿಲ್ಲವೆಂದಲ್ಲ, ಅವಸರದಲ್ಲಿ ಮರೆಯುತ್ತಿದ್ದರು. ಪಟ್ಟಿಗೆ ಬಲ ಬಂದದ್ದು ಇನ್ನೊಂದು ನಿಯಮದಿಂದ. ವೈದ್ಯರು ಒಂದು ಹಂತವನ್ನು ಬಿಟ್ಟರೂ ನರ್ಸ್ ಅವರನ್ನು ತಡೆದು ನಿಲ್ಲಿಸಬಹುದು, ಆಡಳಿತವು ಆಕೆಯ ಬೆಂಬಲಕ್ಕೆ ನಿಲ್ಲುತ್ತದೆ ಎಂಬುದೇ ಆ ನಿಯಮ. ಮುಂದೆ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ಇದನ್ನು ಜಾರಿಗೆ ತಂದಾಗ ಕೊಳವೆಯಿಂದ ಹರಡುವ ರಕ್ತದ ಸೋಂಕು ಸುಮಾರು ಮೂರನೇ ಎರಡರಷ್ಟು ತಗ್ಗಿತೆಂದು 2006ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಅಲ್ಲಿ ಹೊಸ ಔಷಧವೂ ಬರಲಿಲ್ಲ, ಹೊಸ ಯಂತ್ರವೂ ಬರಲಿಲ್ಲ. ನರ್ಸಿನ ಮಾತಿಗೆ ಬೆಲೆ ಬಂತು, ಜೀವಗಳು ಉಳಿದವು.

ಇಂದು ನೀವು ಯಾರ ಹೆಸರಿನಲ್ಲಿ ದೀಪ ಹಿಡಿದಿರೋ ಆ ಫ್ಲಾರೆನ್ಸ್ ನೈಟಿಂಗೇಲರ ಬಗ್ಗೆಯೂ ಒಂದು ಮಾತು. 1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಂದಿಗೆ ಅವರು ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದರು. ಅವರ ಕೈಯಲ್ಲಿದ್ದ ದೀಪ ಎಲ್ಲರಿಗೂ ನೆನಪಿದೆ. ಅವರ ಕೈಯಲ್ಲಿದ್ದ ಲೆಕ್ಕದ ಪುಸ್ತಕ ನೆನಪಿರುವವರು ಕಡಿಮೆ. ಯುದ್ಧ ಮುಗಿದ ಬಳಿಕ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಸಾವಿನ ಲೆಕ್ಕವನ್ನು ಜೋಡಿಸಿ ನೋಡಿದಾಗ, ಬಹುಪಾಲು ಸೈನಿಕರು ಸತ್ತಿದ್ದು ಗಾಯಗಳಿಂದಲ್ಲ, ಕೊಳಕಿನಿಂದ ಹರಡಿದ ರೋಗಗಳಿಂದ ಎಂಬುದು ಸ್ಪಷ್ಟವಾಯಿತು. ತಾವೇ ದುಡಿದ ಆಸ್ಪತ್ರೆಯ ವೈಫಲ್ಯವನ್ನು ಅವರು ಬಚ್ಚಿಡಲಿಲ್ಲ. 1858ರಲ್ಲಿ ಅದನ್ನು ಚಿತ್ರಪಟವಾಗಿ ಬಿಡಿಸಿ ಅಧಿಕಾರಸ್ಥರ ಮುಂದಿಟ್ಟರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ತರಬೇತಿ ಶಾಲೆ ಆರಂಭವಾಯಿತು. ಆದುದರಿಂದ ನೀವು ಬರೆಯುವ ಜ್ವರದ ಚಾರ್ಟನ್ನೂ, ಪಾಳಿ ಬದಲಾಗುವಾಗ ಒಪ್ಪಿಸುವ ವಿವರವನ್ನೂ ಕ್ಷುಲ್ಲಕವೆಂದು ಎಣಿಸಬೇಡಿ. ಪ್ರಾಮಾಣಿಕವಾಗಿ ಬರೆದ ಒಂದು ಸಾಲು ನಾಳೆ ಒಂದು ನಿಯಮವನ್ನೇ ಬದಲಿಸಬಲ್ಲುದು.

ಇನ್ನು ನಮ್ಮ ತಂದೆತಾಯಿಯರೊಂದಿಗೆ ಕೆಲವು ಮಾತುಗಳು. ಹಿಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರ ಮುಖದಲ್ಲಿ ಹೆಮ್ಮೆಯೂ ಇದೆ, ಆತಂಕವೂ ಇದೆ. ರಾತ್ರಿ ಪಾಳಿ, ಪುರುಷ ರೋಗಿಗಳು, ಜನರ ಮಾತು. ನಾನು ನರ್ಸಿಂಗ್ ಸೇರಿದಾಗ ನನ್ನ ತಂದೆಯವರೂ ಇದೇ ಮಾತುಗಳನ್ನು ಕೇಳಬೇಕಾಯಿತು. ಅವರಿಗೆ ನಾನು ಹೇಳಿದ ಉದಾಹರಣೆಯನ್ನೇ ನಿಮಗೂ ಹೇಳುತ್ತೇನೆ. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಗಾಯಗೊಂಡಾಗ ಅವರನ್ನು ಎಲ್ಲಿಗೆ ಒಯ್ಯಲಾಯಿತು? ಅಸ್ಲಂ ಗೋತ್ರದ ರುಫೈದಾ(ರ) ಎಂಬ ಮಹಿಳೆಯ ಡೇರೆಗೆ. ಆ ಡೇರೆ ಊರ ಹೊರಗಿರಲಿಲ್ಲ, ಪ್ರವಾದಿಯವರ(ಸ) ಮಸೀದಿಯಲ್ಲೇ ಇತ್ತು. ಅಲ್ಲಿಗೆ ಒಯ್ಯುವಂತೆ ಸೂಚಿಸಿದವರು ಸ್ವತಃ ಪ್ರವಾದಿವರ್ಯರು(ಸ). ಉಮ್ಮು ಅತಿಯ್ಯಾ(ರ) ಅವರು ಏಳು ಯುದ್ಧಯಾತ್ರೆಗಳಲ್ಲಿ ಪಾಲ್ಗೊಂಡು ಗಾಯಾಳುಗಳ ಆರೈಕೆ ಮಾಡಿದ್ದರು. ಈ ಚರಿತ್ರೆಯನ್ನು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುವ ನಾವು, ನಮ್ಮ ಮನೆಯ ಮಗಳು ಅದೇ ಕೆಲಸಕ್ಕೆ ಹೊರಟಾಗ ತಲೆ ತಗ್ಗಿಸುವುದು ಯಾವ ನ್ಯಾಯ?

ಹೆಣ್ಣು ನೋಡಲು ಬಂದವರು ಹಾಕುವ ಮೊದಲ ಷರತ್ತು, ಹುಡುಗಿ ಕೆಲಸ ಬಿಡಬೇಕು ಎಂಬುದು. ಅದೇ ಮನೆಯವರು ಸೊಸೆಯ ಹೆರಿಗೆಗೆಂದು ಆಸ್ಪತ್ರೆಗೆ ಬಂದಾಗ, ಹೆಣ್ಣು ನರ್ಸೇ ಬೇಕೆಂದು ಪಟ್ಟು ಹಿಡಿಯುತ್ತಾರೆ. ಎಲ್ಲರೂ ತಮ್ಮ ಮಗಳನ್ನು ಮನೆಯೊಳಗೇ ಇರಿಸಿಕೊಂಡರೆ ಆ ನರ್ಸ್ ಎಲ್ಲಿಂದ ಬರಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 3 ಕೋಟಿ ನರ್ಸುಗಳಿದ್ದಾರೆ; ಇನ್ನೂ 58 ಲಕ್ಷದಷ್ಟು ಕೊರತೆಯಿದೆ. ಆ ಕೊರತೆಯ ನೋವನ್ನು ಉಣ್ಣುವವರು ಬಡ ರೋಗಿಗಳೇ.

ಆದರೆ ಸೇವೆ, ತ್ಯಾಗ ಎಂಬ ದೊಡ್ಡ ಮಾತುಗಳ ಮರೆಯಲ್ಲಿ ನಮ್ಮ ಹುಡುಗಿಯರ ಶೋಷಣೆ ನಡೆಯಬಾರದು. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ಸರಕಾರವು ನೇಮಿಸಿದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳು ಸರಕಾರಿ ನರ್ಸುಗಳಿಗೆ ಸಮನಾದ ವೇತನ ನೀಡಬೇಕೆಂದೂ, ಅತಿ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದೂ ಶಿಫಾರಸು ಮಾಡಿತು. ಈ ಶಿಫಾರಸನ್ನು ಓದಿ ತಿಳಿದುಕೊಳ್ಳಿ. ನಿಮ್ಮ ಮೂಲ ಪ್ರಮಾಣಪತ್ರಗಳನ್ನು ಯಾರ ಬಳಿಯೂ ಅಡವಿಡಬೇಡಿ. ನಮ್ಮ ಸಮುದಾಯದ ಶ್ರೀಮಂತರು ನಡೆಸುವ ಆಸ್ಪತ್ರೆಗಳಿಗೂ ಈ ಮಾತು ಅನ್ವಯಿಸುತ್ತದೆ. ದಾನದ ಹೆಸರು ಗೋಡೆಯ ಮೇಲಿದ್ದು, ದುಡಿದವಳ ಕೂಲಿ ಬಾಕಿಯಿದ್ದರೆ ಪ್ರಯೋಜನವೇನು?

ಸುರಕ್ಷತೆಯ ಪ್ರಶ್ನೆಯನ್ನೂ ನಾನು ಮುಚ್ಚಿಡುವುದಿಲ್ಲ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ, ತಾವು ದುಡಿಯುತ್ತಿದ್ದ ಆಸ್ಪತ್ರೆಯೊಳಗೇ ಅಲ್ಲಿನ ಕೆಲಸಗಾರನೊಬ್ಬನ ಪೈಶಾಚಿಕ ಕೃತ್ಯಕ್ಕೆ ಬಲಿಯಾಗಿ, 2015ರ ಮೇ 18ರಂದು ಕೊನೆಯುಸಿರೆಳೆಯುವ ತನಕ ಹಾಸಿಗೆಯಲ್ಲೇ ಇದ್ದರು. ಸುಮಾರು 42 ವರ್ಷಗಳ ಕಾಲ ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸುಗಳು. ಒಂದು ತಲೆಮಾರು ನಿವೃತ್ತವಾದಾಗ ಇನ್ನೊಂದು ತಲೆಮಾರು ಆ ಹೊಣೆಯನ್ನು ಹೊತ್ತಿತು. ಅರುಣಾ ಕೆಲಸ ಮಾಡಿದ್ದನ್ನು ಕಂಡೇ ಇರದ ಹುಡುಗಿಯರು ಅವರಿಗೆ ಸ್ನಾನ ಮಾಡಿಸಿದರು, ಉಣಿಸಿದರು. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಸಿಬ್ಬಂದಿಯ ಸೇವೆಯನ್ನು ಮುಕ್ತಕಂಠದಿಂದ ಹೊಗಳಿತು.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ಬಟ್ಟೆ ಬದಲಿಸಲು ಸುರಕ್ಷಿತ ಕೊಠಡಿ, ರಾತ್ರಿ ಬೆಳಕು, ಕಾವಲು, ಮನೆಗೆ ಹೋಗಲು ವಾಹನ ಇವುಗಳನ್ನು ಕೇಳುವುದು ಸೊಕ್ಕಲ್ಲ, ಅದು ನಿಮ್ಮ ಹಕ್ಕು. 2024ರ ಆಗಸ್ಟಿನಲ್ಲಿ ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವವೈದ್ಯೆಯ ಹತ್ಯೆಯಾದಾಗ, ಅರುಣಾರ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲವೆಂಬುದು ದೇಶಕ್ಕೆ ಮನವರಿಕೆಯಾಯಿತು. ಎರಡನೆಯ ಪಾಠ, ನರ್ಸುಗಳು ಪರಸ್ಪರ ಕೈಬಿಡಬಾರದು. ನಮ್ಮ ವೃತ್ತಿಯಲ್ಲಿ ಒಂದು ಕೆಟ್ಟ ಚಾಳಿಯಿದೆ. ತಾವು ಉಂಡ ಅವಮಾನವನ್ನು ಹಿರಿಯರು ಕಿರಿಯರಿಗೆ ಬಡಿಸುತ್ತಾರೆ. ಅದು ನಿಮ್ಮ ತಲೆಮಾರಿಗೇ ಕೊನೆಯಾಗಲಿ.

ಮಕ್ಕಳೇ, ನಾಳೆಯಿಂದಲೇ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ರೋಗಿಯನ್ನು ಹಾಸಿಗೆಯ ಸಂಖ್ಯೆಯಿಂದ ಕರೆಯದೆ ಹೆಸರು ಹಿಡಿದು ಕರೆಯಿರಿ. ಸಂಶಯ ಬಂದರೆ ಕೇಳಿ. ಗದರಿದರೆ ಮತ್ತೊಮ್ಮೆ ಕೇಳಿ. ತಪ್ಪಾದರೆ ಅಂದೇ ಹೇಳಿಬಿಡಿ. ಬಚ್ಚಿಟ್ಟ ತಪ್ಪು ಇನ್ನೊಂದು ವಾರ್ಡಿನಲ್ಲಿ ಮರುಕಳಿಸುತ್ತದೆ. ಕಿರಿಯಳೊಬ್ಬಳು ಹೆದರಿ ನಿಂತಿರುವುದು ಕಂಡರೆ ಅವಳ ಪಕ್ಕದಲ್ಲಿ ಹೋಗಿ ನಿಲ್ಲಿ. ನಿಮ್ಮ ನಿದ್ದೆ, ಊಟ, ಆರೋಗ್ಯಗಳನ್ನೂ ಕಾಪಾಡಿಕೊಳ್ಳಿ. 2018ರ ಮೇ ತಿಂಗಳಲ್ಲಿ ಕೇರಳದ ಪೇರಾಂಬ್ರದಲ್ಲಿ ನಿಪಾ ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿ ಅದೇ ಸೋಂಕಿಗೆ ತುತ್ತಾಗಿ, ಇಬ್ಬರು ಪುಟ್ಟ ಮಕ್ಕಳನ್ನು ಅಗಲಿ ಹೋದರು. ಅವರಿಗೆ ಸಲ್ಲಬೇಕಾದ ನಿಜವಾದ ಗೌರವವೆಂದರೆ, ಕೈಗವಸು ಮುಖಗವಸುಗಳಿಲ್ಲದೆ ಇನ್ನೊಬ್ಬ ನರ್ಸನ್ನು ಸೋಂಕಿನ ಮುಂದೆ ನಿಲ್ಲಿಸದಿರುವುದು.

ಆ ರಾತ್ರಿಯ ಮಗು ಈಗ ಎಲ್ಲಿದೆಯೋ ನನಗೆ ತಿಳಿಯದು. ಬದುಕಿದ್ದರೆ ಅದಕ್ಕೂ ಮಕ್ಕಳಾಗಿರಬಹುದು. ಒಂದು ಫೋನ್ ಕರೆಯಿಂದ ತನ್ನ ಜೀವ ಉಳಿಯಿತೆಂಬುದು ಅದಕ್ಕೆ ಗೊತ್ತಿಲ್ಲ, ಆ ಸಿಸ್ಟರಿಗೆ ಯಾರೂ ಶಾಲು ಹೊದಿಸಲೂ ಇಲ್ಲ. ನಿಮ್ಮ ಹೆಚ್ಚಿನ ಸತ್ಕಾರ್ಯಗಳೂ ಹೀಗೆಯೇ ಯಾರಿಗೂ ತಿಳಿಯದೆ ಉಳಿಯಬಹುದು. ಅದನ್ನು ಕಾಣುವವನೊಬ್ಬನಿದ್ದಾನೆ ಎಂಬ ವಿಶ್ವಾಸದಿಂದ ವಾರ್ಡಿನೊಳಗೆ ಹೆಜ್ಜೆಯಿಡಿ. ಅವನು ನಿಮ್ಮನ್ನು ಕಾಪಾಡಲಿ, ನಿಮ್ಮ ಕೈಗಳಿಗೆ ಬಲ ಕೊಡಲಿ, ಮಾತನಾಡಬೇಕಾದ ಕ್ಷಣದಲ್ಲಿ ನಿಮ್ಮ ನಾಲಗೆಗೆ ಧೈರ್ಯ ಕೊಡಲಿ.