ತೂತುಬಿದ್ದ ಗೂಡು

ಶಿಡ್ಲಘಟ್ಟದ ಸುತ್ತಿನ ಹಳ್ಳಿಯೊಂದರಲ್ಲಿ ನಮ್ಮ ಸಂಬಂಧದ ಅಜ್ಜಿಯೊಬ್ಬರಿದ್ದಾರೆ. ಅವರ ಮನೆಯ ಬಾಗಿಲಿಗೆ ವರ್ಷವಿಡೀ ಬಾಡದ ತೋರಣ. ಅದು ಮಾವಿನೆಲೆಯದಲ್ಲ, ರೇಷ್ಮೆಗೂಡಿನದು. ಹಳದಿ ಗೂಡು, ಬಿಳಿ ಗೂಡು, ನಡುನಡುವೆ ಕೆಂಪು ಬಣ್ಣದಲ್ಲಿ ಅದ್ದಿ ಒಣಗಿಸಿದ ಗೂಡು. ಒಳಗೆ ಹೋದರೆ ಗೋಡೆಯ ಮೇಲೆ ಹಳೆಯ ಚಂದ್ರಿಕೆಯ ಒಂದು ತುಂಡು. ಅದರ ಬಿದಿರಿನ ಸುರುಳಿಗಳ ಸಂದಿಯಲ್ಲಿ, ಗೂಡನ್ನೇ ಎಸಳೆಸಳಾಗಿ ಕತ್ತರಿಸಿ ಮಾಡಿದ ಹೂಗಳು.

ರೇಷ್ಮೆ ಬೆಳೆಯುವ ಮನೆಯವರಿಗೆ ಚಂದ್ರಿಕೆಯನ್ನು ಪರಿಚಯಿಸಬೇಕಿಲ್ಲ. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ಚಾಪೆ. ಅದರ ಮೇಲೆ ಸುತ್ತುಸುತ್ತಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ. ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಬಿಡುವ ಹಂತ, ಕಳೆದು ಹಣ್ಣಾದ ಹುಳುವನ್ನು ಅದರಲ್ಲಿ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಅದೇ ಕೆಲಸಕ್ಕೆ ಪ್ಲಾಸ್ಟಿಕ್ ನೇತ್ರಿಕೆಗಳು ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಚಂದ್ರಿಕೆ ಅಟ್ಟ ಸೇರಿತು, ಇಲ್ಲವೇ ಒಲೆ ಸೇರಿತು.

ತೋರಣವನ್ನು ಹತ್ತಿರದಿಂದ ನೋಡಿದೆ. ಅದರಲ್ಲಿದ್ದ ಗೂಡುಗಳೆಲ್ಲ ತೂತುಬಿದ್ದವು.

“ಒಳ್ಳೆ ಗೂಡು ಸಿಗಲಿಲ್ವ ಅಜ್ಜಿ?” ಎಂದೆ.

“ಒಳ್ಳೆ ಗೂಡಿಗೆ ಮಾರ್ಕೆಟ್ಟೈತೆ ಕಣಪ್ಪ. ಇದಕ್ಕೆ ನಾನಲ್ದೆ ಇನ್ಯಾರವ್ರೆ?” ಎಂದರು.

ಮಾರುಕಟ್ಟೆಯ ಲೆಕ್ಕ ತಪ್ಪೇನಲ್ಲ. ಒಂದು ಗೂಡೆಂದರೆ ತುಂಡಾಗದ ಒಂದೇ ಎಳೆ. ಬಿಚ್ಚಿದರೆ ಸುಮಾರು 1000 ಮೀಟರ್. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ನೂಲು ತೆಗೆಯುತ್ತಾರೆ. ಆದರೆ ಸಮಯಕ್ಕೆ ಸರಿಯಾಗಿ ಬೇಯಿಸದೆ ಬಿಟ್ಟರೆ, ಹತ್ತು ಹನ್ನೆರಡು ದಿನದಲ್ಲಿ ಒಳಗಿನ ಕೋಶ ಚಿಟ್ಟೆಯಾಗುತ್ತದೆ. ಅದು ತನ್ನ ಬಾಯಿಯ ರಸದಿಂದ ಗೂಡಿನ ತುದಿಯನ್ನು ನೆನೆಸಿ, ಸಡಿಲಿಸಿ, ಹೊರಗೆ ಬರುತ್ತದೆ. ಆ ಗೂಡಿನಿಂದ ಅಖಂಡ ಎಳೆ ಬರುವುದಿಲ್ಲ. ನೂಲು ತೆಗೆಯುವ ರೀಲರುಗಳು ಅದನ್ನು ಕೊಳ್ಳುವುದಿಲ್ಲ.

ಕೇಳುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ನೂಲಿಗೆ ಹೋದ ಪ್ರತಿ ಗೂಡಿನೊಳಗೂ ಒಂದು ಜೀವ ಮುಗಿದಿದೆ. ತೂತುಬಿದ್ದ ಗೂಡಿನಿಂದ ಮಾತ್ರ ಜೀವ ಹೊರಗೆ ಬಂದಿದೆ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಬೇಕೆಂದೇ ಚಿಟ್ಟೆಯನ್ನು ಹೊರಗೆ ಬರಲು ಬಿಡುತ್ತಾರೆ. ಒಂದೊಂದು ಹೆಣ್ಣು ಚಿಟ್ಟೆ ನಾನೂರರ ಆಸುಪಾಸು ಮೊಟ್ಟೆ ಇಡುತ್ತದೆ. ರೈತ ಮನೆಗೆ ತರುವ ಹುಳು ಅದರಿಂದಲೇ ಹುಟ್ಟಿದ್ದು. ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುವ ಒಂದೊಂದು ಒಳ್ಳೆಯ ಗೂಡಿನ ಹಿಂದೆಯೂ ಎಲ್ಲೋ ಒಂದು ತೂತುಬಿದ್ದ ಗೂಡಿದೆ.

ನಾವು ‘ಕಸದಿಂದ ರಸ’ ಎನ್ನುತ್ತೇವೆ. ಒಳ್ಳೆಯ ಮಾತೇ. ಆದರೆ ಅದರಲ್ಲೊಂದು ಅವಸರವಿದೆ: ಮೊದಲು ಕಸ ಎಂದು ಕರೆದು, ಆಮೇಲೆ ಅದಕ್ಕೆ ಉಪಕಾರ ಮಾಡಿದಂತೆ ಬಣ್ಣ ಬಳಿಯಲು ಕೂರುತ್ತೇವೆ. ಅಜ್ಜಿಯ ಕಣ್ಣಿಗೆ ಆ ಗೂಡು ಯಾವತ್ತೂ ಕಸವಾಗಿರಲಿಲ್ಲ. ಆ ಚಂದ್ರಿಕೆ ಅವರ ಮಕ್ಕಳ ಓದಿಗೆ, ಮದುವೆಗೆ ದುಡಿದದ್ದು. ಅದನ್ನು ಗೋಡೆಗೆ ಏರಿಸಿದ್ದು ಅಲಂಕಾರಕ್ಕಷ್ಟೇ ಅಲ್ಲ, ಋಣಕ್ಕೆ. ಆಯುಧಪೂಜೆಯ ದಿನ ದುಡಿಯುತ್ತಿರುವ ಸಾಮಾನಿಗೆ ಅರಿಶಿನ ಕುಂಕುಮ ಹಚ್ಚುತ್ತೇವೆ. ದುಡಿದು ಮುಗಿಸಿದ ಸಾಮಾನನ್ನು ಅಂದು ಯಾರು ನೆನೆಯುತ್ತಾರೆ?

ನಮ್ಮ ನಿಮ್ಮ ಅಟ್ಟದಲ್ಲೂ ಇಂಥವು ಇರುತ್ತವೆ. ತಳ ಹೋದ ಹಿತ್ತಾಳೆ ಚೆಂಬು, ಕಡೆಯುವುದು ನಿಂತ ಕಡಗೋಲು, ಸೆರಗು ಹರಿದ ಧಾರೆ ಸೀರೆ. ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ, ಮನೆ ಉಗ್ರಾಣವಾಗಬಾರದು. ಎಸೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. “ಇದರಿಂದ ಇನ್ನೇನು ಉಪಯೋಗ?” ಎಂದಲ್ಲ, “ಇದು ನಮಗೆ ಏನು ಮಾಡಿಕೊಟ್ಟಿದೆ?” ಎಂದು. ಉತ್ತರ ಸಿಕ್ಕರೆ, ಆ ವಸ್ತುವಿಗೆ ಮನೆಯಲ್ಲಿ ಒಂದು ಜಾಗ ತಾನಾಗಿಯೇ ಸಿಗುತ್ತದೆ. ಚೆಂಬಿನಲ್ಲಿ ತುಳಸಿ ಚಿಗುರುತ್ತದೆ. ಸೀರೆ ಬಾಗಿಲ ಪರದೆಯಾಗುತ್ತದೆ. ಮಕ್ಕಳು “ಇದೇನು?” ಎಂದು ಕೇಳಿದಾಗ ಹೇಳಲು ಮನೆಯದೇ ಒಂದು ಕಥೆ ಇರುತ್ತದೆ.

ಅಂದು ಅಜ್ಜಿ ಹೊಸ ತೋರಣವೊಂದನ್ನು ಪೋಣಿಸುತ್ತಿದ್ದರು. ಪಕ್ಕದಲ್ಲಿ ಕುಳಿತು ನೋಡಿದೆ. ಗೂಡಿನ ಒಂದು ತುದಿಯನ್ನು ಮಾತ್ರ ಸೂಜಿ ಚುಚ್ಚಬೇಕಿತ್ತು. ಇನ್ನೊಂದು ತುದಿಯಲ್ಲಿ ಚಿಟ್ಟೆ ಆಗಲೇ ದಾರಿ ಮಾಡಿಟ್ಟು ಹೋಗಿತ್ತು. ಮಾರುಕಟ್ಟೆ ಕುಂದು ಎಂದ ಆ ತೂತಿನಲ್ಲೇ ತೋರಣದ ದಾರ ಹಾದುಹೋಯಿತು.