ಶರೀರದ ಕೀಲುಗಳು



ಹಳಬರು ದೊಡ್ಡಪೇಟೆಯೆಂದು ಕರೆಯುತ್ತಿದ್ದ ಅವೆನ್ಯೂ ರಸ್ತೆಯ ಸುತ್ತಿನಲ್ಲಿ ‘ಮಂಡಿ’ ಎಂಬ ಶಬ್ದಕ್ಕೆ ಎರಡರ್ಥಗಳುಂಟು. ಸರಕನ್ನು ರಾಶಿಯಾಗಿ ಇಳಿಸಿ ಮಾರುವ ಸಗಟಂಗಡಿಯೊಂದು, ಮೊಣಕಾಲು ಇನ್ನೊಂದು. ಮೊದಲನೆಯ ಮಂಡಿಯ ಸಲುವಾಗಿ ಎರಡನೆಯದನ್ನು ಸವೆಸುವವರು ನಮ್ಮ ಹಮಾಲರು. ಲಾರಿ ನುಗ್ಗಲಾರದ ಗಲ್ಲಿಗಳಲ್ಲಿ ಮೂಟೆ ಹೊತ್ತು ಮಹಡಿಗಳನ್ನು ಹತ್ತಿ ಇಳಿಯುವ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ವಿಚಾರವನ್ನು ಮಾಡತಕ್ಕದ್ದು.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಸಂಧಿಗಳು 210 ಎಂದು ಎಣಿಸಿ, ಅವನ್ನು ಎಂಟು ಬಗೆಯಾಗಿ ವಿಂಗಡಿಸಿದೆ. ಮೊಣಕಾಲು ‘ಕೋರ’ವೆಂಬ ವರ್ಗಕ್ಕೂ, ತೊಡೆಯ ಬುಡದ ಸಂಧಿಯು ‘ಉಲೂಖಲ’, ಎಂದರೆ ಒರಳಿನಂತಹ ವರ್ಗಕ್ಕೂ ಸೇರುವುವು. ಎಣ್ಣೆ ಹಚ್ಚಿದ ಅಚ್ಚಿನ ಮೇಲೆ ಚಕ್ರವು ಸುಗಮವಾಗಿ ತಿರುಗುವಂತೆ, ಶ್ಲೇಷ್ಮದಿಂದ ಕೂಡಿದ ಸಂಧಿಗಳು ಸುಗಮವಾಗಿ ನಡೆಯುತ್ತವೆಂಬ ಉಪಮೆಯೂ ಅಲ್ಲಿಯೇ ಇದೆ. ಗಾಡಿಗೆ ಕೀಲೆಣ್ಣೆ ಹಾಕಿ ಬಲ್ಲವರಿಗೆ ಇದಕ್ಕೆ ವ್ಯಾಖ್ಯಾನವೇ ಬೇಡ. ಆದರೆ ಇಂದಿನ ಶಸ್ತ್ರವೈದ್ಯವೆಲ್ಲವೂ ಆ ಗ್ರಂಥದಲ್ಲಿ ಅಡಗಿದೆಯೆಂದು ವೇದಿಕೆಗಳ ಮೇಲೆ ಸಾರುವವರ ಮಾತನ್ನು ನಾನು ಒಪ್ಪಲಾರೆ. ಆಚಾರ್ಯನು ಕಂಡುದನ್ನು ಬರೆದನು. ಕಾಣದುದನ್ನು ಆತನ ತಲೆಗೆ ಕಟ್ಟುವುದು ಗೌರವವಲ್ಲ.

ಆತನ ತರುವಾಯ ತಿಳಿದುಬಂದ ಸಂಗತಿಗಳಲ್ಲಿ ಮುಖ್ಯವಾದುದು ಮೃದ್ವಸ್ಥಿಯ ಸ್ವಭಾವ. ಎಲುಬಿನ ತುದಿಗಳನ್ನು ಹೊದ್ದಿರುವ, ಕೆಲವೇ ಮಿಲಿಮೀಟರು ದಪ್ಪದ ಈ ನುಣುಪಾದ ಪದರದ ತೂಕದಲ್ಲಿ ಮುಕ್ಕಾಲುಪಾಲು ನೀರೇ ಇದೆ. ಭಾರ ಬಿದ್ದೊಡನೆ ಆ ನೀರು ಹೊರಹೋಗಲಾರದೆ ಒತ್ತಡಗೊಂಡು ಭಾರವನ್ನು ತಾನೇ ಹೊರುವುದು. ಬರ್ಲಿನ್ ನಗರದ ಸಂಶೋಧಕರು ಕೃತಕ ಮಂಡಿಯೊಳಗೇ ಮಾಪಕವನ್ನಿಟ್ಟು ಅಳೆದು, 2010ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸಮನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರವೂ, ಮೆಟ್ಟಿಲಿಳಿಯುವಾಗ ಸುಮಾರು ಮೂರೂವರೆ ಪಟ್ಟೂ ಬೀಳುತ್ತದೆ. ಬೆನ್ನ ಮೇಲಿನ ಮೂಟೆ ಇದಕ್ಕೆ ಮೇಲೆ.

ಈ ಪದರಕ್ಕೆ ರಕ್ತನಾಳವಿಲ್ಲ. ಆದುದರಿಂದ ಗಾಯವಾದರೆ ಚರ್ಮದಂತೆ ಕೂಡಿಕೊಳ್ಳದು. ನರವೂ ಇಲ್ಲ, ಆದುದರಿಂದ ಅದು ಸವೆಯುತ್ತಿರುವುದು ಬಹುಕಾಲ ಗೊತ್ತಾಗುವುದೇ ಇಲ್ಲ. ಹಮಾಲನು ನೋವೆಂದು ಕುಳಿತುಕೊಳ್ಳುವ ಹೊತ್ತಿಗೆ ಕೆಡಬೇಕಾದುದು ಬಹುಮಟ್ಟಿಗೆ ಕೆಟ್ಟಿರುತ್ತದೆ.

ಅದನ್ನು ಮರಳಿ ಬೆಳೆಸುವ ಯತ್ನಗಳು ನಡೆದಿವೆ. ಸ್ವೀಡನ್ ದೇಶದ ವೈದ್ಯರು ರೋಗಿಯ ಮೃದ್ವಸ್ಥಿಯಿಂದಲೇ ಜೀವಕೋಶಗಳನ್ನು ತೆಗೆದು, ಹೊರಗೆ ಬೆಳೆಸಿ, ಪುನಃ ಮಂಡಿಯಲ್ಲಿಟ್ಟು, 23 ರೋಗಿಗಳ ವೃತ್ತಾಂತವನ್ನು 1994ರಲ್ಲಿ ಪ್ರಕಟಿಸಿದರು. ಅದು ಒಂದೆಡೆ ಮಾತ್ರ ಗಾಯವಾದವರಿಗೆ ತಕ್ಕದ್ದು; ಸಂಧಿಯೆಲ್ಲವೂ ಸವೆದವರಿಗಲ್ಲ. ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರ್ವಾಲ್ ಅವರ ತಂಡವು ರಾಪಮೈಸಿನ್ ಎಂಬ ಔಷಧವನ್ನು ಸೂಕ್ಷ್ಮಕಣಗಳಲ್ಲಿ ತುಂಬಿ, ಸಂಧಿಯೊಳಗೆ ಬಹುದಿನ ನಿಲ್ಲುವಂತೆ ಮಾಡಿ, ಸವೆತವನ್ನು ತಡೆಯುವ ಪ್ರಯೋಗವನ್ನು ಜೀವಕೋಶಗಳಲ್ಲಿಯೂ ಇಲಿಗಳಲ್ಲಿಯೂ ನಡೆಸಿದೆ. ಇಲಿಯಿಂದ ಮನುಷ್ಯನವರೆಗೆ ದಾರಿ ದೂರ.

ಕೊನೆಯ ಉಪಾಯವೆಂದರೆ ಸಂಧಿಯನ್ನೇ ಬದಲಿಸುವುದು. 1890ರಲ್ಲಿ ಗ್ಲುಕ್ ಎಂಬ ಜರ್ಮನ್ ವೈದ್ಯನು ದಂತದ ಮಂಡಿಯನ್ನು ಮಾಡಿಟ್ಟನು. ಕ್ಷಯದಿಂದ ಕೆಟ್ಟ ಸಂಧಿಗಳಾದುದರಿಂದ ಅದು ನಿಲ್ಲಲಿಲ್ಲ. 1962ರಲ್ಲಿ ಇಂಗ್ಲೆಂಡಿನ ಚಾರ್ನ್ಲಿಯವರು ಲೋಹದ ಗುಂಡನ್ನು ಪಾಲಿಥಿಲೀನ್ ಬಟ್ಟಲಿನಲ್ಲಿ ಕೂರಿಸಿ ಸೊಂಟದ ಕೀಲನ್ನು ಗೆದ್ದರು. ಮಂಡಿಯ ಚಿಕಿತ್ಸೆಯೂ ಅದೇ ಜಾಡಿನಲ್ಲಿ ಬೆಳೆಯಿತು. ಭಾರತ ಸರ್ಕಾರವು 2017ರ ಆಗಸ್ಟಿನಲ್ಲಿ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆಗೆ, ತೆರಿಗೆಯನ್ನು ಬಿಟ್ಟು, 54,720 ರೂಪಾಯಿಗಳ ಮಿತಿ ಹಾಕಿತು. ಸಹಾಯವಾಯಿತು, ಸಂದೇಹವಿಲ್ಲ. ಆದರೆ ದಿನಗೂಲಿಯವನಿಗೆ ಕೀಲಿನ ಬೆಲೆಯೊಂದೇ ಲೆಕ್ಕವಲ್ಲ. ತಿಂಗಳುಗಟ್ಟಲೆ ಕೂಲಿ ನಿಲ್ಲುತ್ತದೆ, ಬದಲಿಸಿದ ಮಂಡಿಯಿಂದ ಮತ್ತೆ ಮೂಟೆ ಹೊರುವಂತಿಲ್ಲ. ಸವೆಸಿದವನಿಗಿಂತ ಹೊರಿಸಿದವನಿಗೇ ಈ ಚಿಕಿತ್ಸೆ ಸುಲಭವಾಗಿರುವುದು ನನಗೆ ಕಸಿವಿಸಿಯ ಸಂಗತಿ. ತಳ್ಳುಬಂಡಿಯನ್ನೂ ಎತ್ತುಗದ ಯಂತ್ರವನ್ನೂ ಒದಗಿಸಿ ಹೊರೆಯನ್ನು ಹಗುರ ಮಾಡುವುದು ಶಸ್ತ್ರಚಿಕಿತ್ಸೆಗಿಂತ ಅಗ್ಗ. ಈ ಸಭೆಯಲ್ಲಿರುವ ಪೇಟೆಯ ವರ್ತಕಬಂಧುಗಳು ಇದನ್ನು ಯೋಚಿಸಬೇಕು.

ಇನ್ನೊಂದು ಮಾತು ಮಠಕ್ಕೆ ಸಂಬಂಧಿಸಿದ್ದು. ಮಂಡಿ ಬದಲಿಸಿಕೊಂಡವರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಬೇಡಿರೆಂದು ವೈದ್ಯರು ಸಾಮಾನ್ಯವಾಗಿ ಹೇಳುವರು. ದಾಸೋಹದ ಪಂಕ್ತಿಯಲ್ಲಿ ಅಂಥವರು ಸಂಕೋಚದಿಂದ ಕಂಬದ ಮರೆಗೆ ನಿಲ್ಲುತ್ತಾರೆ. ಪಂಕ್ತಿಯ ಮಧ್ಯದಲ್ಲಿಯೇ, ಮೂಲೆಯಲ್ಲಲ್ಲ, ನಾಲ್ಕು ಬೆಂಚುಗಳನ್ನೂ ಮೇಜುಗಳನ್ನೂ ಈ ಮಹೋತ್ಸವದ ಊಟಕ್ಕೇ ಹಾಕಿಸಬೇಕೆಂದು ಆಡಳಿತದವರಲ್ಲಿ ವಿಜ್ಞಾಪಿಸುತ್ತೇನೆ.