ಬೇಡವಾದ ಭೂಮಿಯನ್ನು ಬಿಟ್ಟುಬಿಡಬಹುದೇ?



ಬೀಜ, ಗೊಬ್ಬರ, ಕೀಟಗಳ ವಿಷಯ ಕೇಳಿದರೆ ಹೇಳುವುದು ನನ್ನ ಕೆಲಸ. ಆದರೆ ಹೋದ ಬೇಸಿಗೆಯಲ್ಲಿ ಚಿತ್ರದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ಬೇರೆ ಪ್ರಶ್ನೆ ಹಾಕಿದರು. "ಸ್ವಾಮಿ, ಮೂರೆಕರೆ ಕಲ್ಲುನೆಲ. ಬಿತ್ತಿದ ಬೀಜವೂ ಹುಟ್ಟೋದಿಲ್ಲ, ಕೊಳ್ಳೋರೂ ಇಲ್ಲ. ಮಗ ಬೆಂಗಳೂರಿಗೆ ಬಾ ಅಂತಾನೆ. ಹಿಂಗೇ ಬಿಟ್ಟು ಹೋದ್ರೆ ಆಯ್ತಲ್ವಾ?"

ಆಗುವುದಿಲ್ಲ. ನೀವು ಊರು ಬಿಟ್ಟರೂ ಭೂಮಿ ನಿಮ್ಮನ್ನು ಬಿಡುವುದಿಲ್ಲ. ಹೊಲ ಹತ್ತು ವರ್ಷ ಬೀಳು ಬಿದ್ದರೂ ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಹೆಸರೇ ಇರುತ್ತದೆ. ಕಂದಾಯ ನಿಮ್ಮದೇ, ಅದರ ಮೇಲೆ ತೆಗೆದ ಸಾಲವೂ ನಿಮ್ಮದೇ.

ಹಾಗಂತ ಹಕ್ಕು ಭದ್ರವಾಗಿರುತ್ತದೆ ಎಂದೂ ತಿಳಿಯಬೇಡಿ. ಬೇರೊಬ್ಬನು ನಿಮ್ಮ ಹಕ್ಕನ್ನು ಒಪ್ಪದೆ, ಎಲ್ಲರಿಗೂ ಕಾಣುವಂತೆ, ಎಡೆಬಿಡದೆ 12 ವರ್ಷ ಆ ನೆಲವನ್ನು ಅನುಭವಿಸಿದರೆ, 1963ರ ಕಾಲಮಿತಿ ಕಾಯ್ದೆಯಂತೆ ನೀವು ಅದನ್ನು ಬಿಡಿಸಿಕೊಳ್ಳುವುದಕ್ಕಾಗದು. ನಿಮ್ಮ ಒಪ್ಪಿಗೆಯಿಂದ ಉಳುತ್ತಿರುವ ನೆಂಟನ ಮಾತು ಬೇರೆ. ಅವನಿಗೆ ಈ 12 ವರ್ಷದ ಲೆಕ್ಕ ನಡೆಯುವುದಿಲ್ಲ. ಗೇಣಿಗೆ ಕೊಟ್ಟು ಹೋಗೋಣವೆಂದರೆ, 1974ರ ಭೂಸುಧಾರಣಾ ತಿದ್ದುಪಡಿಯ ಮೇಲೆ ಆ ದಾರಿ ಬಲು ಇಕ್ಕಟ್ಟು.

ಹಾಗಾದರೆ ಕಾನೂನಿನಲ್ಲಿ ಭೂಮಿ ಬಿಡಲು ಬಾಗಿಲೇ ಇಲ್ಲವೇ? ಇದೆ. ಹಳಬರು ಅದನ್ನು 'ರಾಜೀನಾಮೆ' ಎನ್ನುತ್ತಿದ್ದರು. ನೌಕರಿಗೆ ಕೊಡುವ ರಾಜೀನಾಮೆಯಂತೆಯೇ ಭೂಮಿಗೂ ಒಂದು! 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ ಅದಕ್ಕೆ ಅವಕಾಶವುಂಟು. ತಹಸೀಲ್ದಾರರಿಗೆ ಲಿಖಿತ ನೋಟೀಸು ಕೊಟ್ಟು ಭೂಮಿಯನ್ನು ಸರ್ಕಾರಕ್ಕೆ ಬಿಡಬಹುದು. ಆದರೆ ನಿಮಗೆ ಬೆಲೆ ಸಿಗದು. ಸರ್ವೆ ನಂಬರನ್ನು ಪೂರ್ತಿ ಬಿಡಬೇಕು, ಇಲ್ಲವೇ ಪೋಡಿಯಾದ ಹಿಸ್ಸೆಯನ್ನು ಪೂರ್ತಿ ಬಿಡಬೇಕು. ಕಲ್ಲಿರುವ ಮೂಲೆ ಸರ್ಕಾರಕ್ಕೆ, ಬಾವಿಯ ಮಗ್ಗುಲು ನನಗೆ ಎನ್ನುವಂತಿಲ್ಲ. ಬೇರೆಯವರ ದಾರಿಹಕ್ಕು, ಅಡಮಾನ ಇದ್ದರೆ ಅವು ಅಳಿಯುವುದಿಲ್ಲ. ಬ್ಯಾಂಕಿನ ಸಾಲ ಇಟ್ಟುಕೊಂಡು ರಾಜೀನಾಮೆ ಕೊಟ್ಟರೆ ಸಾಲ ಹೋದೀತೆಂಬ ಆಸೆ ಬೇಡ.

ಇನ್ನೊಂದು ಗಂಟಿದೆ, ಜನ ಎಡವುವುದು ಇಲ್ಲೇ. ಭೂಮಿ ಪಿತ್ರಾರ್ಜಿತವಾದರೆ ಅದು ನಿಮ್ಮೊಬ್ಬರದಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಮದುವೆಯಾಗಿ ಹೋದ ಮಗಳನ್ನು ಕೇಳದೆ ಅವಳ ಪಾಲನ್ನು ಬಿಟ್ಟುಕೊಡಲು ನಿಮಗೆ ಅಧಿಕಾರವಿಲ್ಲ. ತಮ್ಮನಿಗೇ ಇರಲಿ ಎಂದು ನಿಮ್ಮ ಭಾಗ ಬಿಡುವುದಾದರೂ ಬಾಯಿಮಾತು ಸಾಲದು. ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಬೇಕು. ದಾನವಾದರೆ ಇಬ್ಬರು ಸಾಕ್ಷಿಗಳ ಸಹಿ, ನೋಂದಣಿ, ಮೇಲಾಗಿ ನೀವು ಬದುಕಿರುವಾಗಲೇ ಪಡೆಯುವವರ ಒಪ್ಪಿಗೆ. ಬೇಡ ಎನ್ನುವವರ ತಲೆಗೆ ಕಟ್ಟಲಾಗದು.

ಆ ಹಿರಿಯರಿಗೆ ಇಷ್ಟನ್ನು ಹೇಳಿ, "ಹೊಲದಲ್ಲಿ ಬೋರ್ ಇದೆಯೇ?" ಎಂದೆ. "ಐತೆ, ನೀರು ಬತ್ತಿ ಆರು ವರ್ಷ ಆಯ್ತು. ಬಾಯಿಗೆ ಗೋಣಿಚೀಲ ತುರುಕೀನಿ" ಎಂದರು. ನನ್ನ ಎದೆ ಝಲ್ಲೆಂದಿತು. ಸುತ್ತ ಕುರಿ ಕಾಯುವ ಮಕ್ಕಳು ಓಡಾಡುವ ಜಾಗ ಅದು. ಕೈಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಿಸಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟು ನಿರ್ದೇಶನ ಕೊಟ್ಟಿದೆ. ಊರು ಬಿಟ್ಟಿದ್ದೆ ಎಂಬ ನೆಪ, ಮಗು ಬಿದ್ದ ಮೇಲೆ ಯಾವ ತಾಯಿಗೆ ಬೇಕು?

ಅವರು ರಾಜೀನಾಮೆ ಕೊಡಲಿಲ್ಲ. ಕಿರಿಯ ಮಗಳು, "ನನ್ನ ಪಾಲು ನನಗಿರಲಿ, ಬೇವು ಸೀತಾಫಲ ಹಾಕ್ತೀನಿ" ಎಂದಳಂತೆ. ಕಲ್ಲುನೆಲಕ್ಕೆ ನಾನು ಹೇಳುವ ಗಿಡಗಳೂ ಅವೇ. ಉಳಿದ ಭಾಗಕ್ಕೆ ಪೋಡಿ ಅರ್ಜಿ ಹಾಕಿದ್ದಾರೆ. ಬೋರಿನ ಬಾಯನ್ನು ಮಾತ್ರ ಮಾರನೆಯ ದಿನವೇ ಎರಡು ಟ್ರ್ಯಾಕ್ಟರ್ ಮಣ್ಣು ತರಿಸಿ ತುಂಬಿಸಿದರು.